ಅಡಿಕೆ ಸಿಪ್ಪೆಯ ಹೊಗೆ ಮೇಲೇಕೆ ಹೋಗುವುದಿಲ್ಲ?

ಮಲೆನಾಡಿನ ಗಾಳಿ ಶುದ್ಧವಾದುದೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂದರೆ, ಅದನ್ನು ಪ್ರಶ್ನಿಸುವುದೇ ಊರಿಗೆ ಮಾಡಿದ ಅಪಚಾರವೆನಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ನಂಬಿಕೆ ಬಹುಮಟ್ಟಿಗೆ ನಿಜವೂ ಹೌದು. ಆಗುಂಬೆಯ ಘಟ್ಟವೇರಿ ಬರುವ ನೈಋತ್ಯ ಮಾರುತ ಹೊಗೆಯನ್ನು ನಿಲ್ಲಗೊಡುವುದಿಲ್ಲ. ಬಿಡದೆ ಸುರಿಯುವ ಮಳೆ ಉಳಿದ ಧೂಳನ್ನು ನೆಲಕ್ಕಿಳಿಸುತ್ತದೆ. ಆದರೆ ದೀಪಾವಳಿ ಕಳೆದು ಕೊಯ್ಲು ಬಿರುಸಾದ ಮೇಲೆ, ತುಂಗೆಯ ದಡದ ತೀರ್ಥಹಳ್ಳಿಯ ಸುತ್ತ ಯಾವುದಾದರೊಂದು ಗುಡ್ಡ ಹತ್ತಿ ಬೆಳಗಿನ ಏಳು ಗಂಟೆಗೆ ಕೆಳಗೆ ನೋಡಬೇಕು. ಅಡಿಕೆ ಬೇಯಿಸುವ ಒಲೆಗಳ ಹೊಗೆ ತೆಂಗಿನ ಮರದೆತ್ತರಕ್ಕೆ ನೆಟ್ಟಗೆ ಏರಿ, ಅಲ್ಲಿ ಅಟ್ಟಕ್ಕೆ ತಾಗಿದಂತೆ ಬಾಗಿ, ಹೊಳೆಯುದ್ದಕ್ಕೂ ಹಾಸಿಕೊಳ್ಳುತ್ತದೆ. ನಾವದನ್ನು ಮಂಜೆಂದು ಕರೆದು ಫೋಟೋ ತೆಗೆಯುತ್ತೇವೆ. ಅದರಲ್ಲಿ ಮಂಜೆಷ್ಟು, ಹೊಗೆಯೆಷ್ಟು ಎಂಬುದು ಮೂಗಿಗೆ ಗೊತ್ತು.

ಈ ಅಟ್ಟ ಕಟ್ಟಿಕೊಳ್ಳುವುದು ಚಳಿಗಾಲದ ರಾತ್ರಿಗಳಲ್ಲಿ. ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ, ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಂತೆ. ಬಿಸಿ ಹೊಗೆ ಸುತ್ತಲಿನ ಗಾಳಿಗಿಂತ ಹಗುರವಾಗಿ ಏರುತ್ತ ಹೋಗುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಮಾತ್ರ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಬೇಗ ತಣಿಯುತ್ತದೆ; ನೆಲಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ, ಇಳಿಜಾರಿನಲ್ಲಿ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕೆಳಗೆ ತಂಪು, ಮೇಲೆ ಬೆಚ್ಚಗೆ. ಉಷ್ಣತೆಯ ವಿಲೋಮ ಎಂದು ಇದರ ಹೆಸರು; ಕಣಿವೆಗೆ ಮುಚ್ಚಳ ಹಾಕಿದಂತೆ. ಬಿಸಿಲು ನೆಲವನ್ನು ಕಾಯಿಸಿದ ಮೇಲೆ, ಒಂಬತ್ತು ಹತ್ತು ಗಂಟೆಯ ಸುಮಾರಿಗೆ ಮುಚ್ಚಳ ತೆರೆಯುತ್ತದೆ. ಅಷ್ಟರಲ್ಲಿ ಮಕ್ಕಳು ಶಾಲೆಗೆ ನಡೆದಾಗಿರುತ್ತದೆ.

ಸಣ್ಣ ಊರಿಗೇನಾದೀತು ಎನ್ನುವವರಿಗೆ ಅಮೆರಿಕದ ಡೊನೋರಾ ನೆನಪಿರಲಿ. ಪೆನ್ಸಿಲ್ವೇನಿಯಾದ ನದೀಕಣಿವೆಯಲ್ಲಿರುವ, ಆಗ ಸುಮಾರು 14 ಸಾವಿರ ಜನರಿದ್ದ ಆ ಊರಿನ ಮೇಲೆ 1948ರ ಅಕ್ಟೋಬರ್ ಕೊನೆಯಲ್ಲಿ ಇಂಥದೇ ಮುಚ್ಚಳ ದಿನಗಟ್ಟಲೆ ಕದಲದೆ ಕುಳಿತಿತ್ತು. 20 ಜನ ಸತ್ತರು, ಸಾವಿರಾರು ಜನ ಅಸ್ವಸ್ಥರಾದರು. ಅಲ್ಲಿ ಸತು, ಉಕ್ಕಿನ ಕಾರ್ಖಾನೆಗಳಿದ್ದವು, ನಮ್ಮಲ್ಲಿ ಅಂಥವಿಲ್ಲ. ಹೋಲಿಕೆಯನ್ನು ಅದಕ್ಕಿಂತ ಎಳೆಯಬಾರದು. ಆದರೂ ಆ ಕಾರ್ಖಾನೆಗಳ ಹೊಗೆ ವರ್ಷವಿಡೀ ಇದ್ದದ್ದೇ. ಅಷ್ಟು ಮಾರಕವಾದದ್ದು ಗಾಳಿ ನಿಂತ ಆ ವಾರ.

ಅಡಿಕೆ ಬೇಯಿಸುವ ಒಲೆಯನ್ನು ನಾನು ದೂರುತ್ತಿಲ್ಲ, ಅದು ನಮ್ಮ ಅನ್ನದ ದಾರಿ. ನನ್ನ ತಕರಾರು ಸಿಪ್ಪೆಯದು. ಹಣ್ಣಡಿಕೆಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಸಿಪ್ಪೆಯೇ. ಮೆಟ್ಟುಗತ್ತಿಯಲ್ಲಿ ಸುಲಿಯುತ್ತಿದ್ದ ಕಾಲದಲ್ಲಿ ಅದು ಮನೆಮನೆಯ ಅಂಗಳದಲ್ಲಿ ಸ್ವಲ್ಪಸ್ವಲ್ಪವೇ ಬಿದ್ದು ತೋಟದ ದಾರಿಗೋ ಗೊಬ್ಬರಗುಂಡಿಗೋ ಸೇರುತ್ತಿತ್ತು. ಸುಲಿಯುವ ಯಂತ್ರ ಬಂದ ಮೇಲೆ, ಫಸಲು ಖೇಣಿದಾರರ ಕಣಕ್ಕೆ ಹೋಗತೊಡಗಿದ ಮೇಲೆ, ಹತ್ತಾರು ತೋಟಗಳ ಸಿಪ್ಪೆ ಒಂದೇ ಕಡೆ ಗುಡ್ಡೆಯಾಗುತ್ತದೆ. ರಾತ್ರೋರಾತ್ರಿ ಟ್ರ್ಯಾಕ್ಟರಿನಲ್ಲಿ ತಂದು ರಸ್ತೆಬದಿಯಲ್ಲಿ ಸುರಿಯುತ್ತಾರೆ. ತುಸು ಒಣಗಿದೊಡನೆ ಯಾರೋ ಬೆಂಕಿ ಇಡುತ್ತಾರೆ. ಒಳಗೆ ಹಸಿಯಿರುವ ರಾಶಿ ಉರಿಯದು, ದಿನಗಟ್ಟಲೆ ಹೊಗೆಯಾಡುತ್ತದೆ. ಧಗಧಗಿಸುವ ಬೆಂಕಿಗಿಂತ ಹೀಗೆ ಹೊಗೆಯಾಡುವ ಬೆಂಕಿಯೇ ಹೆಚ್ಚು ಸೂಕ್ಷ್ಮ ಕಣಗಳನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಉಗುಳುವುದು. ಕಣಿವೆಯ ಮುಚ್ಚಳ ಬೀಳುವ ತಿಂಗಳುಗಳನ್ನೇ ಆರಿಸಿಕೊಂಡವರಂತೆ ನಾವು ಈ ಕೆಲಸ ಮಾಡುತ್ತಿದ್ದೇವೆ.

ನಿಷೇಧವಿಲ್ಲವೇ? ಇದೆ. 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಾದ್ಯಂತ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ, 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವೆಂದಿತು. ಕತ್ತಲಲ್ಲಿ ಸುರಿದು ಹೋದವನನ್ನು ಹಿಡಿಯುವವರಾರು? ಸಿಪ್ಪೆಗೆ ಹೋಗಲು ಒಂದು ಜಾಗವಿಲ್ಲದೆ ದಂಡದಿಂದ ಏನೂ ಬಗೆಹರಿಯದೆಂಬುದು ನನ್ನ ಅಭಿಪ್ರಾಯ.

ಸಿಪ್ಪೆ ಕೊಳೆಯುವುದಿಲ್ಲವೆಂಬುದು ರೈತರ ದೂರು. ಅರ್ಧ ನಿಜ. ಅದರಲ್ಲಿ ನಾರು ಮತ್ತು ಲಿಗ್ನಿನ್ ಹೆಚ್ಚು, ಸಾರಜನಕ ಕಡಿಮೆ. ಹಾಗೇ ಬಿಟ್ಟರೆ ವರ್ಷ ದಾಟುತ್ತದೆ. ಸಗಣಿ ಬಗ್ಗಡ, ಗ್ಲಿರಿಸಿಡಿಯಾದಂಥ ಹಸಿರು ಸೊಪ್ಪನ್ನು ಪದರಪದರವಾಗಿ ಸೇರಿಸಿ, ತೇವ ಆರದಂತೆ ನೋಡಿಕೊಂಡು ಆಗಾಗ ಮಗುಚಿದರೆ ಕೊಳೆಯುವುದು ಬೇಗವಾಗುತ್ತದೆ. ಅಡಿಕೆ ತೋಟದ ತ್ಯಾಜ್ಯದಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ವಿಟ್ಲದ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರ ಬಹಳ ಹಿಂದೆಯೇ ರೂಪಿಸಿಕೊಟ್ಟಿದೆ. ಸುಟ್ಟರೆ ಇಂಗಾಲ, ಸಾರಜನಕ ಹೊಗೆಯೊಂದಿಗೆ ಹೋಗುತ್ತವೆ. ಬೂದಿಯಲ್ಲುಳಿದ ಪೊಟ್ಯಾಷ್ ಮೊದಲ ಮಳೆಗೆ ಚರಂಡಿ ಸೇರುತ್ತದೆ. ಆಮೇಲೆ ಅದೇ ಪೊಟ್ಯಾಷ್ ಮೂಟೆಗಾಗಿ ಗೊಬ್ಬರದಂಗಡಿಯ ಮುಂದೆ ನಿಲ್ಲುತ್ತೇವೆ. (ಕೊಳೆರೋಗ ತಗುಲಿ ಉದುರಿದ ಕಾಯಿಯ ಮಾತು ಬೇರೆ, ಅದನ್ನು ಆರಿಸಿ ನಾಶಪಡಿಸಲೇಬೇಕು.)

ಇನ್ನು ಅಳತೆ. 2009ರ ನಮ್ಮ ರಾಷ್ಟ್ರೀಯ ಮಾನದಂಡದಂತೆ 2.5 ಮೈಕ್ರಾನ್ ಮತ್ತು ಅದಕ್ಕೂ ಸಣ್ಣ ಕಣಗಳು 24 ಗಂಟೆಗಳ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ನಮ್ಮ ಕೆಟ್ಟ ಗಾಳಿ ಬೆಳಗಿನ ಮೂರು ನಾಲ್ಕು ಗಂಟೆಗಳದು. ಮಧ್ಯಾಹ್ನದ ಒಳ್ಳೆಯ ಗಾಳಿ ಸೇರಿದ ಸರಾಸರಿಯಲ್ಲಿ ಅದು ಅಡಗಿಬಿಡಬಹುದು. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಮಲೆನಾಡಿನ ಒಂದು ಊರೂ ಅಲ್ಲಿಲ್ಲ. ಯಂತ್ರ ಬರುವವರೆಗೆ ವಿದ್ಯಾರ್ಥಿಗಳು ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ನವೆಂಬರ್‌ನಿಂದ ಫೆಬ್ರವರಿಯವರೆಗೆ ದಿನವೂ ಬೆಳಿಗ್ಗೆ ಏಳಕ್ಕೆ ಮತ್ತು ಹನ್ನೊಂದಕ್ಕೆ, ಊರಿನ ಹೊಗೆ ಎಷ್ಟೆತ್ತರಕ್ಕೆ ಏರಿ ಬಾಗಿತು, ಎಲ್ಲೆಲ್ಲಿ ಸಿಪ್ಪೆ ಹೊಗೆಯಾಡುತ್ತಿತ್ತು ಎಂದು ಬರೆದಿಡಲಿ. ಮುಂದಿನ ಕೊಯ್ಲಿಗೆ ಮುನ್ನ ಗ್ರಾಮಸಭೆಯಲ್ಲಿ ಆ ಪುಸ್ತಕವನ್ನು ಮುಂದಿಟ್ಟು, ಸಿಪ್ಪೆ ಕೊಳೆಸಲು ಪಂಚಾಯಿತಿ ಜಾಗ ಗುರುತಿಸಬೇಕೆಂದು ಕೇಳೋಣ. ಖೇಣಿದಾರರನ್ನೂ ಆ ಸಭೆಗೆ ಕರೆಯೋಣ.