ಮುತ್ತಾತ ಕೆರಾನಿಯೇ ಆಗಿರಬೇಕೆ?

ಮಲೇಶಿಯಾಕ್ಕೆ ಬರುವ ನಮ್ಮವರ ಪಟ್ಟಿ ನನಗೀಗ ಬಾಯಿಪಾಠ. ಟ್ವಿನ್ ಟವರ್, ಬಾತು ಗುಹೆ, ಗೆಂಟಿಂಗ್, ಒಂದಿಷ್ಟು ಚಾಕೊಲೇಟು. ಹೋದ ತಿಂಗಳು ಹೆಂಡತಿ ಮಕ್ಕಳ ಸಮೇತ ಬಂದಿಳಿದ ದೊಡ್ಡಪ್ಪನ ಮಗ ಮಾತ್ರ "ಲೋ, ಮೊದಲು ಕ್ಲಾಂಗ್ ಬಂದರು ತೋರಿಸೋ" ಅಂದ. ನಮ್ಮ ಮುತ್ತಾತ 1930ರ ಸುಮಾರಿಗೆ ಹಡಗಿನಿಂದ ಇಳಿದ ಜಾಗ ನೋಡಬೇಕಂತೆ. ನಮ್ಮದು ಹೊಸೂರು ಕಡೆಯ ಕನ್ನಡದ ಮನೆ. ಆಗ ಅದು ಸೇಲಂ ಜಿಲ್ಲೆ.

ಕೌಲಾಲಂಪುರದಿಂದ ಕೊಮ್ಯೂಟರ್ ರೈಲು ಬಂದರಿನ ಹತ್ತಿರಕ್ಕೇ ಹೋಗುತ್ತೆ. ಇಳಿದರೆ ನೋಡೋಕೆ ಅಂಥದ್ದೇನೂ ಇಲ್ಲ ಅನ್ನಿ. ಕ್ರೇನುಗಳು, ಕಂಟೇನರ್ ಲಾರಿಗಳು, ಪುಲಾವ್ ಕೆತಾಮ್ ದ್ವೀಪಕ್ಕೆ ಹೋಗುವ ದೋಣಿ. 1901ರಲ್ಲಿ ತೆರೆದಾಗ ಇದರ ಹೆಸರು ಪೋರ್ಟ್ ಸ್ವೆಟೆನ್‌ಹ್ಯಾಮ್. ಈಗಿನ ಹೆಸರು ಬಂದದ್ದು 1972ರಲ್ಲಿ. ಮದರಾಸು, ನಾಗಪಟ್ಟಣದಿಂದ ಹೊರಟ ಹಡಗುಗಳು ಪೆನಾಂಗ್ ಮುಟ್ಟಿ ಇಲ್ಲಿಗೆ ಬರುತ್ತಿದ್ದವು. ಡೆಕ್ಕಿನ ಮೇಲೆ ಮಲಗಿ ಬಂದವರು ಕ್ವಾರಂಟೈನ್ ಕ್ಯಾಂಪಿನಲ್ಲಿದ್ದು, ಆಮೇಲೆ ರಬ್ಬರ್ ತೋಟ ಸೇರುತ್ತಿದ್ದರು.

"ನಮ್ಮ ತಾತ ಕೂಲಿ ಅಲ್ಲಪ್ಪ, ಕೆರಾನಿ" ಅಂತ ಅಣ್ಣ ದಾರಿಯುದ್ದಕ್ಕೂ ಮಕ್ಕಳಿಗೆ ಹೇಳ್ತಾನೇ ಇದ್ದ. (ಕೆರಾನಿ ಅಂದರೆ ಇಲ್ಲಿ ಗುಮಾಸ್ತ, ನಮ್ಮ ಕಿರಾಣಿ ಅಂಗಡಿ ಅಲ್ಲ.) ನನ್ನ ತಕರಾರು ಇರೋದು ಇಲ್ಲೇ. ಮಲಯಾಕ್ಕೆ ಹೋದವರಿರುವ ಮನೆಗಳಲ್ಲಿ ಇದೇ ಮಾತು ಕೇಳ್ತೀನಿ. ಹೋದವರೆಲ್ಲ ಗುಮಾಸ್ತರೇ ಆಗಿದ್ದರೆ ರಬ್ಬರ್ ಮರಕ್ಕೆ ಕತ್ತಿ ಹಾಕಿದವರು ಯಾರು ಸ್ವಾಮಿ?

ಇದೇ ಕ್ಲಾಂಗ್ ಸುತ್ತಮುತ್ತ 1941ರಲ್ಲಿ ತೋಟದ ಕೂಲಿಗಳು ದೊಡ್ಡ ಮುಷ್ಕರ ಹೂಡಿದರು. ಮುಂದಾಳು ಆರ್. ಎಚ್. ನಾಥನ್. ಚೀನೀ ಕೂಲಿಗಳಷ್ಟೇ ಸಂಬಳ ಕೊಡಿ, ಹೆಂಡದಂಗಡಿ ಮುಚ್ಚಿ ಅಂತ ಕೇಳಿದರು. ಅವರ ಬೇಡಿಕೆಗಳಲ್ಲಿ ಇನ್ನೊಂದಿತ್ತು: ದೊರೆಗಳೋ ತೋಟದ ಸಿಬ್ಬಂದಿಯೋ ಎದುರಾದಾಗ ಕೂಲಿಯವನು ಸೈಕಲ್ಲಿಂದ ಇಳಿದು ನಿಲ್ಲಬೇಕೆನ್ನುವ ಪದ್ಧತಿ ಹೋಗಬೇಕು. ಮೇ ತಿಂಗಳಲ್ಲಿ ನಾಥನ್‌ರನ್ನು ಹಿಡಿದರು, ಸೈನ್ಯ ಬಂತು, ಗುಂಡು ಹಾರಿತು, ಕೂಲಿಗಳು ಸತ್ತರು. ನಾಥನ್‌ರನ್ನು ಭಾರತಕ್ಕೆ ಗಡೀಪಾರು ಮಾಡಿದರು.

ಸಿಬ್ಬಂದಿ ಅಂದರೆ ಬರೀ ಬಿಳಿಯರಲ್ಲ, ನಮ್ಮ ಕಡೆಯ ಕೆರಾನಿಗಳೂ ಸೇರಿ. ಮುತ್ತಾತ ನಿಜಕ್ಕೂ ಕೆರಾನಿ ಆಗಿದ್ದರೆ, ಬಡಪಾಯಿಗಳು ಸೈಕಲ್ ಇಳಿದು ನಿಂತದ್ದು ಅವರೆದುರಿಗೂ ಇರಬಹುದು. ಇದನ್ನು ಹೇಳಿದಾಗ ಅಣ್ಣನ ಮುಖ ಸಪ್ಪಗಾಯ್ತು. ಅತ್ತಿಗೆ ಮಾತ್ರ "ಕೂಲಿ ಆಗಿದ್ರೇ ವಾಸಿ ಬಿಡಿ" ಅಂದರು. ನನ್ನ ವೋಟು ಅತ್ತಿಗೆಗೆ! ಮಕ್ಕಳನ್ನು ಅಷ್ಟು ದೂರ ಕರೆತಂದು ಅರ್ಧ ಕತೆ ಹೇಳೋದಾದರೆ ಗೆಂಟಿಂಗಿಗೇ ಹೋಗಬಹುದಿತ್ತು.

ನಿಮ್ಮ ಮನೆಯಿಂದಲೂ ಯಾರಾದರೂ ಹೀಗೆ ಹೋಗಿದ್ದರೆ, ಟಿಕೆಟ್ ತೆಗೆಸುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಯಾವ ತೋಟ, ಕರೆದೊಯ್ದ ಕಂಗಾಣಿ ಯಾರು, ಹಡಗು ಹತ್ತಿದ್ದು ಎಲ್ಲಿ? ಭಾರತ ಸರ್ಕಾರ ಕೂಲಿಗಳನ್ನು ಕಳಿಸುವುದನ್ನು 1938ರಲ್ಲಿ ನಿಲ್ಲಿಸಿತು, ಹಾಗಾಗಿ ಹೆಚ್ಚಿನವರು ಹೋದದ್ದು ಅದಕ್ಕೂ ಮುಂಚೆ. ಹಳೇ ಕಾಗದಗಳಲ್ಲಿ ಬರೀ ಕನ್ನಡ ಅಂತ ಹುಡುಕುತ್ತಾ ಕೂರಬೇಡಿ. ಕೂಲಿಗಳನ್ನು ತರಿಸಲು 1907ರಲ್ಲಿ ಮಾಡಿದ ನಿಧಿಯ ಹೆಸರೇ ತಮಿಳು ಇಮಿಗ್ರೇಶನ್ ಫಂಡ್. ಮದರಾಸಿನಲ್ಲಿ ಹಡಗು ಹತ್ತಿದ ನಮ್ಮವರನ್ನು ಆ ಲೆಕ್ಕದಲ್ಲೇ ಹುಡುಕಬೇಕು, ಅದೂ ಕೂಲಿಗಳ ಪುಟದಿಂದ ಶುರುಮಾಡಿ.