ಜೋಕರ್‌ಗೆ ಪೂರ್ವಕಥೆ ಯಾಕೆ?

ಜೋಕರ್‌ನನ್ನು ನೋಡಿ ಕನಿಕರ ಪಡಬೇಕು ಎಂದು ನನಗೆ ಬುದ್ಧಿ ಹೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರಲ್ಲಿ ಬಹುಪಾಲು ನನ್ನ ವಿದ್ಯಾರ್ಥಿಗಳೇ. ಪದವಿ ತರಗತಿಗೆ ಹಳಗನ್ನಡ ಪಾಠ ಮಾಡುವ ಮೇಷ್ಟ್ರು ಬ್ಯಾಟ್‌ಮನ್ ಕಾಮಿಕ್ಸ್ ಓದುತ್ತಾನೆಂದು ಗೊತ್ತಾದ ಮೇಲೆ ಹಿಂದಿನ ಬೆಂಚಿನವರಿಗೆ ಸ್ವಲ್ಪ ಸಲುಗೆ ಬಂದಿದೆ. ‘ಪಾಪ ಸಾರ್, ಎಲ್ಲರೂ ಸೇರಿ ಅವನನ್ನ ಹಂಗೆ ಮಾಡಿದ್ರು. ಅವನ ಜಾಗದಲ್ಲಿ ಯಾರಿದ್ರೂ ಹಂಗೇ ಆಗ್ತಿದ್ರು’ ಅನ್ನುತ್ತಾರೆ. ಅವರು ಹೇಳುತ್ತಿರುವುದು 2019ರಲ್ಲಿ ಟಾಡ್ ಫಿಲಿಪ್ಸ್ ನಿರ್ದೇಶಿಸಿದ ‘ಜೋಕರ್’ ಸಿನಿಮಾದ ಬಗ್ಗೆ. ವಾಕೀನ್ ಫೀನಿಕ್ಸ್‌ಗೆ ಆಸ್ಕರ್ ತಂದುಕೊಟ್ಟ ಆರ್ಥರ್ ಫ್ಲೆಕ್ ಪಾತ್ರ ಅದರದ್ದು. ನಟನೆಯ ಬಗ್ಗೆ ನನ್ನ ತಕರಾರಿಲ್ಲ. ಆ ಕಥೆ ಜೋಕರ್‌ನದ್ದಲ್ಲ ಎಂಬುದಷ್ಟೇ ನನ್ನ ವಾದ.

ಜೋಕರ್ ಹುಟ್ಟಿದ್ದು 1940ರಲ್ಲಿ, ‘ಬ್ಯಾಟ್‌ಮನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಬಿಲ್ ಫಿಂಗರ್, ಬಾಬ್ ಕೇನ್, ಜೆರ್ರಿ ರಾಬಿನ್ಸನ್ ಈ ಮೂವರಲ್ಲಿ ಯಾರ ಪಾಲು ಎಷ್ಟು ಎಂಬ ತಗಾದೆ ಕೊನೆಗೂ ಬಗೆಹರಿಯಲಿಲ್ಲ. ಮುಖದ ಮೂಲ ಮಾತ್ರ ಗೊತ್ತಿದೆ. 1928ರ ‘ದಿ ಮ್ಯಾನ್ ಹೂ ಲಾಫ್ಸ್’ ಎಂಬ ಮೂಕಿಚಿತ್ರದಲ್ಲಿ ಬಾಯಿ ಕಿವಿಯವರೆಗೂ ಹಿಗ್ಗಿಸಿಕೊಂಡು ನಿಂತ ಜರ್ಮನ್ ನಟ ಕಾನ್ರಾಡ್ ವೈಟ್‌ನ ಮುಖ ಅದು. ವಿಕ್ಟರ್ ಹ್ಯೂಗೋ ಕಾದಂಬರಿಯಿಂದ ಬಂದ ಆ ಚಿತ್ರದ ನಾಯಕ ನಿಜಕ್ಕೂ ಕನಿಕರಕ್ಕೆ ತಕ್ಕವನು. ಎಳವೆಯಲ್ಲೇ ಅವನ ಮುಖವನ್ನು ಕೊಯ್ದು ವಿಕಾರ ಮಾಡಿ ಬೀದಿಪಾಲು ಮಾಡಿರುತ್ತಾರೆ. ಆದರೂ ಅವನು ಕೆಟ್ಟವನಾಗುವುದಿಲ್ಲ, ಹಿಮದಲ್ಲಿ ಸಿಕ್ಕ ಕುರುಡು ಕೂಸನ್ನು ಎತ್ತಿಕೊಂಡು ಹೋಗುತ್ತಾನೆ. ಕಾಮಿಕ್ಸ್‌ನವರು ಆ ಮುಖವನ್ನಷ್ಟೇ ಎತ್ತಿಕೊಂಡರು, ದುಃಖವನ್ನು ಅಲ್ಲೇ ಬಿಟ್ಟರು. ಇಂಥವನನ್ನು ಇಷ್ಟು ಗಂಟೆಗೆ ಕೊಲ್ಲುತ್ತೇನೆ ಎಂದು ರೇಡಿಯೋದಲ್ಲಿ ಸಾರಿ, ಸಾರಿದಂತೆಯೇ ಕೊಲ್ಲುವವನು ಅವರ ಜೋಕರ್. ಅವನಿಗೊಂದು ಹೆಸರಿಲ್ಲ, ಊರಿಲ್ಲ, ಅಪ್ಪ ಅಮ್ಮ ಇಲ್ಲ.

ರಾಸಾಯನಿಕದಲ್ಲಿ ಬಿದ್ದೆದ್ದ ಕಥೆ ಬಂದದ್ದು 1951ರಲ್ಲಿ. ಅದು ಹೇಳುವುದು ಕೂದಲು ಹಸಿರಾಗಿ ಚರ್ಮ ಸುಣ್ಣದಂತಾದದ್ದು ಹೇಗೆ ಎಂಬುದನ್ನು ಮಾತ್ರ. ಕೆಂಪು ಮುಸುಕು ಹಾಕಿಕೊಂಡು ಕಳ್ಳತನ ಮಾಡುತ್ತಿದ್ದವನು ಬೀಳುವ ಮೊದಲೇ ದುಷ್ಟನಾಗಿದ್ದ. ಕಣ್ಣೀರು ಸೇರಿಸಿದವನು ಅಲನ್ ಮೂರ್. ಅವನು ಬರೆದು ಬ್ರಯಾನ್ ಬೋಲಂಡ್ ಚಿತ್ರ ಬಿಡಿಸಿದ 1988ರ ‘ದಿ ಕಿಲ್ಲಿಂಗ್ ಜೋಕ್’ನಲ್ಲಿ ಜೋಕರ್ ಒಬ್ಬ ಸೋತ ಹಾಸ್ಯಗಾರ. ಮನೆಯಲ್ಲಿ ಬಸುರಿ ಹೆಂಡತಿ, ಬಾಡಿಗೆಗೆ ದುಡ್ಡಿಲ್ಲ, ಕಳ್ಳರ ಜತೆ ಹೋಗಲು ಒಪ್ಪಿದ ದಿನವೇ ಅವಳು ಸಾಯುತ್ತಾಳೆ. ಆದರೆ ಮೂರ್ ಜಾಣ. ತನಗೆ ಹಳೆಯದು ಒಮ್ಮೆ ಒಂದು ಥರ, ಇನ್ನೊಮ್ಮೆ ಮತ್ತೊಂದು ಥರ ನೆನಪಾಗುತ್ತದೆ ಎಂದು ಜೋಕರ್ ಬಾಯಲ್ಲೇ ಹೇಳಿಸುತ್ತಾನೆ. ನನ್ನ ಹಿಂದಿನ ಬೆಂಚಿನವರ ವಾದ ಇದೆಯಲ್ಲ, ಆ ಪುಸ್ತಕದಲ್ಲಿ ಜೋಕರ್ ಸಾಧಿಸಲು ಹೊರಡುವುದೂ ಅದನ್ನೇ. ಒಂದೇ ಒಂದು ಕೆಟ್ಟ ದಿನ ಸಾಕು, ಯಾರಾದರೂ ತನ್ನಂತಾಗುತ್ತಾರೆ ಅನ್ನುತ್ತಾನೆ. ಅದನ್ನು ತೋರಿಸಿಕೊಡಲು ಕಮಿಷನರ್ ಗಾರ್ಡನ್‌ನ ಮಗಳಿಗೆ ಬಾಗಿಲಲ್ಲೇ ಗುಂಡು ಹಾರಿಸಿ, ಗಾರ್ಡನ್‌ನನ್ನು ಬೆತ್ತಲೆ ಮಾಡಿ ಹಿಂಸಿಸುತ್ತಾನೆ. ಗಾರ್ಡನ್ ಹುಚ್ಚನಾಗುವುದಿಲ್ಲ. ಜೋಕರ್‌ನನ್ನು ಕಾನೂನಿನ ಪ್ರಕಾರವೇ ಹಿಡಿದು ತಾ ಎಂದು ಬ್ಯಾಟ್‌ಮನ್‌ಗೆ ಹೇಳುತ್ತಾನೆ. ಈ ಮಾತನ್ನು ತರಗತಿಯಲ್ಲಿ ಹೇಳಿದರೆ ‘ಅದು ಕಾಮಿಕ್ಸು ಸಾರ್’ ಅಂತಾರೆ.

ಸಿನಿಮಾದವರಲ್ಲಿ ಇದನ್ನು ಚೆನ್ನಾಗಿ ಅರಿತವನು ಕ್ರಿಸ್ಟೋಫರ್ ನೋಲನ್. 2008ರ ‘ದಿ ಡಾರ್ಕ್ ನೈಟ್’ನಲ್ಲಿ ಹೀತ್ ಲೆಡ್ಜರ್‌ನ ಜೋಕರ್ ಒಬ್ಬ ರೌಡಿಯ ಬಾಯಿಗೆ ಚಾಕು ಇಟ್ಟು ತನ್ನ ಕೆನ್ನೆಯ ಗಾಯದ ಕಥೆ ಹೇಳುತ್ತಾನೆ. ಕುಡುಕ ಅಪ್ಪ, ಅಡುಗೆಮನೆಯ ಚಾಕು ಹಿಡಿದ ಅಮ್ಮ, ನೋಡುತ್ತ ನಿಂತ ಮಗು. ಅಯ್ಯೋ ಅನಿಸುತ್ತದೆ. ಸ್ವಲ್ಪ ಹೊತ್ತಿನ ನಂತರ ಪಾರ್ಟಿಯೊಂದರಲ್ಲಿ ಬ್ಯಾಟ್‌ಮನ್‌ನ ಗೆಳತಿ ರೇಚಲ್‌ಳನ್ನು ಹಿಡಿದುಕೊಂಡು ಅದೇ ಗಾಯಕ್ಕೆ ಬೇರೆ ಕಥೆ ಶುರುಮಾಡುತ್ತಾನೆ. ಈ ಸಲ ಜೂಜಾಡುವ ಹೆಂಡತಿ, ಅವಳ ಮುಖ ಕೊಯ್ದ ಸಾಲ ಕೊಟ್ಟವರು, ಅವಳ ಸಮಾಧಾನಕ್ಕೆ ತನ್ನ ಬಾಯನ್ನು ತಾನೇ ಕೊಯ್ದುಕೊಂಡ ಗಂಡ. ಆಗ ಹೊಳೆಯುತ್ತದೆ, ಮೊದಲ ಕಥೆಗೆ ನಾವು ಪಟ್ಟ ಕನಿಕರವೂ ಅವನ ಕೈಯಲ್ಲಿ ಒಂದು ಚಾಕುವೇ ಎಂದು. ಕೊನೆಗೆ, ಈ ಗಾಯ ಹೇಗಾಯಿತು ಗೊತ್ತಾ ಎಂದು ಬ್ಯಾಟ್‌ಮನ್‌ನನ್ನೂ ಕೇಳುತ್ತಾನೆ. ಬ್ಯಾಟ್‌ಮನ್ ಕಥೆ ಕೇಳಲು ನಿಲ್ಲುವುದಿಲ್ಲ, ತೋಳಿನ ಅಲಗುಗಳನ್ನು ಹಾರಿಸಿ ಅವನನ್ನು ಕೆಳಗೆ ತಳ್ಳುತ್ತಾನೆ. ಮೂರನೆಯ ಕಥೆ ಏನಿತ್ತೋ, ನನಗಂತೂ ಬೇಕಿಲ್ಲ.

ಇನ್ನು ಆರ್ಥರ್ ಫ್ಲೆಕ್. ಅವನು ಯಾರು ಯಾರನ್ನು ಕೊಲ್ಲುತ್ತಾನೆ ನೋಡಿ. ರೈಲಿನಲ್ಲಿ ಹೊಡೆದು ಹಿಂಸಿಸಿದ ಮೂವರು ಸೂಟುಧಾರಿಗಳು, ಸುಳ್ಳು ಹೇಳಿ ಸಾಕಿದ ತಾಯಿ, ಬಂದೂಕು ಕೊಟ್ಟು ಆಮೇಲೆ ಜಾರಿಕೊಂಡ ಸಹೋದ್ಯೋಗಿ, ಟೀವಿಯಲ್ಲಿ ಗೇಲಿ ಮಾಡಿದ ನಿರೂಪಕ. ಎಲ್ಲರೂ ಅವನಿಗೆ ಏನಾದರೂ ಮಾಡಿದವರೇ. ಸಹೋದ್ಯೋಗಿಯನ್ನು ಕತ್ತರಿಯಿಂದ ಇರಿದು ಕೊಂದಾಗ ಜತೆಗೆ ಬಂದಿದ್ದ ಕುಳ್ಳ ಗ್ಯಾರಿ ನಡುಗುತ್ತ ಬಾಗಿಲಿಗೆ ಓಡುತ್ತಾನೆ. ಮೇಲಿನ ಚಿಲಕದ ಸರಪಳಿ ಅವನ ಕೈಗೆ ಎಟಕುವುದಿಲ್ಲ. ಆರ್ಥರ್ ಬಂದು ತೆಗೆದುಕೊಟ್ಟು, ನೀನೊಬ್ಬನೇ ನನ್ನನ್ನು ಚೆನ್ನಾಗಿ ನೋಡಿಕೊಂಡದ್ದು ಎಂದು ಹಣೆಗೆ ಮುತ್ತಿಟ್ಟು ಕಳಿಸುತ್ತಾನೆ. ಥಿಯೇಟರಿನಲ್ಲಿ ನನ್ನ ಸುತ್ತಲಿನವರು ನಕ್ಕರು. ದೃಶ್ಯ ಅದ್ಭುತ, ಆದರೆ ಹೀಗೆ ಲೆಕ್ಕ ಇಟ್ಟು, ಒಳ್ಳೆಯವನನ್ನು ಬಿಟ್ಟು ಕೊಲ್ಲುವವನು ನೊಂದವನಿರಬಹುದು, ಸೇಡಿನವನಿರಬಹುದು, ಜೋಕರ್ ಅಲ್ಲ. ಜೋಕರ್ ಗ್ಯಾರಿಯನ್ನೇ ಮೊದಲು ಕೊಲ್ಲುತ್ತಿದ್ದ. ಕಾಮಿಕ್ಸ್‌ನಲ್ಲಿ ಅವನು ಹಾರೆಯಿಂದ ಬಡಿದು, ಬಾಂಬಿಟ್ಟು ಕೊಂದ ಹುಡುಗ ಜೇಸನ್ ಟಾಡ್, ಅಂದರೆ ಎರಡನೆಯ ರಾಬಿನ್, ತನ್ನ ತಾಯಿಯನ್ನು ಹುಡುಕಿಕೊಂಡು ಬಂದಿದ್ದ ಅಷ್ಟೆ. (ಆ ಹುಡುಗ ಸಾಯಬೇಕೋ ಬೇಡವೋ ಎಂದು 1988ರಲ್ಲಿ ಡಿಸಿ ಕಂಪನಿ ಓದುಗರಿಂದ ಫೋನಿನಲ್ಲಿ ಮತ ಹಾಕಿಸಿತು. ಸಾಯಲಿ ಎಂದವರು 5,343, ಬದುಕಲಿ ಎಂದವರು 5,271. ಆ ಓದುಗರ ಬಾಲ್ಯದಲ್ಲಿ ಏನು ನಡೆದಿತ್ತೋ!)

ಖಳನಿಗೆ ಪೂರ್ವಕಥೆಯೇ ಕೂಡದು ಎಂದು ನಾನು ಹೇಳುತ್ತಿಲ್ಲ. ಎಕ್ಸ್‌ಮೆನ್ ಕಥೆಗಳ ಮ್ಯಾಗ್ನೀಟೋ ಹುಟ್ಟಿದಾಗ ಬರೀ ಗದರುವ ಗೊಂಬೆ. 1981ರಲ್ಲಿ ಲೇಖಕ ಕ್ರಿಸ್ ಕ್ಲೇರ್‌ಮಾಂಟ್ ಅವನನ್ನು ಆಶ್‌ವಿಟ್ಜ್‌ನಿಂದ ಬದುಕಿ ಬಂದವನನ್ನಾಗಿ ಮಾಡಿದ ಮೇಲೆ ಅವನ ಒಂದೊಂದು ಮಾತಿಗೂ ತೂಕ ಬಂತು. ತನ್ನವರನ್ನು ಇನ್ನೊಮ್ಮೆ ಯಾರೂ ಸಾಲಾಗಿ ನಿಲ್ಲಿಸಿ ಕೊಲ್ಲಬಾರದು ಎಂಬ ಹಟವೇ ಅವನ ಕ್ರೌರ್ಯ. ಮಂಜಿನ ಬಂದೂಕು ಹಿಡಿದು ತಿರುಗುತ್ತಿದ್ದ ಮಿಸ್ಟರ್ ಫ್ರೀಜ್‌ಗೂ 1992ರ ಬ್ಯಾಟ್‌ಮನ್ ಕಾರ್ಟೂನ್ ಸರಣಿಯಲ್ಲಿ ಪಾಲ್ ಡೀನಿ ಒಬ್ಬ ಕಾಯಿಲೆಯ ಹೆಂಡತಿಯನ್ನು ಕೊಟ್ಟು ಉಳಿಸಿಕೊಂಡ. ಇವರಿಬ್ಬರ ಗಾಯಕ್ಕೂ ಕೃತ್ಯಕ್ಕೂ ಕರುಳಬಳ್ಳಿಯ ನಂಟಿದೆ. ಜೋಕರ್‌ನ ನಗುವಿಗೆ ಅಂಥ ನಂಟೇ ಇಲ್ಲ, ಹೆದರಿಕೆ ಹುಟ್ಟಿಸುವುದೇ ಅದು.

ಹಾಗೆ ನೋಡಿದರೆ, ಕೆಟ್ಟವನಿಗಾಗಿ ಮರುಗುವುದನ್ನು ಕನ್ನಡದವರಿಗೆ ಹಾಲಿವುಡ್ ಕಲಿಸಬೇಕಾಗಿಲ್ಲ. ರನ್ನನ ದುರ್ಯೋಧನ ರಣರಂಗದಲ್ಲಿ ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಕರ್ಣ ಎಂದು ಒಬ್ಬೊಬ್ಬರ ಹೆಣದ ಮುಂದೆ ನಿಂತು ಗೋಳಿಡುವ ಭಾಗವನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ, ಪ್ರತಿವರ್ಷವೂ ಗಂಟಲು ಕಟ್ಟುತ್ತದೆ. ಆದರೆ ರನ್ನ ಅವನಿಗೆ ನೊಂದ ಬಾಲ್ಯವನ್ನು ಕಟ್ಟಿಕೊಡಲಿಲ್ಲ. ದ್ರೌಪದಿಯ ಮುಡಿ ಹಿಡಿದು ಎಳೆಸಿದ್ದನ್ನು ಯಾರೂ ಮರೆಯುವಂತಿಲ್ಲ, ಭೀಮ ಮರೆಯಲು ಬಿಡುವುದೂ ಇಲ್ಲ. ಮಾಡಿದ್ದೆಲ್ಲ ಅವನ ತಲೆಯ ಮೇಲೆ ಇರುವಂತೆಯೇ ಅವನಿಗಾಗಿ ಅಳಿಸುವುದು ರನ್ನನ ಕಸುಬು. ಫಿಲಿಪ್ಸ್ ಸಿನಿಮಾ ಆ ಕಷ್ಟಕ್ಕೆ ಹೋಗುವುದಿಲ್ಲ, ಹೊರೆಯನ್ನೇ ಇಳಿಸಿಬಿಡುತ್ತದೆ. ಇಳಿಸಿದ್ದನ್ನು ಹೊರಿಸಿದ್ದು ಯಾರ ಮೇಲೆ? ತಡೆಯಲಾಗದ ನಗುವಿನ ಕಾಯಿಲೆಯ ಮೇಲೆ, ನಿಂತುಹೋದ ಮಾತ್ರೆಗಳ ಮೇಲೆ. ನಗರಾಡಳಿತ ದುಡ್ಡು ನಿಲ್ಲಿಸಿ ಆರ್ಥರ್‌ನ ಆಪ್ತಸಮಾಲೋಚನೆ ಮುಚ್ಚುವ ದೃಶ್ಯ ನಿಜಕ್ಕೂ ಸಿಟ್ಟು ಬರಿಸುತ್ತದೆ. ಆದರೆ ಮಾನಸಿಕ ಕಾಯಿಲೆಯವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು. ಮಾತ್ರೆ ತಪ್ಪಿದವನು ಕೊಲೆಗಾರನಾಗುತ್ತಾನೆ ಎಂಬ ಭಯವನ್ನು ಅವರ ನೆರೆಹೊರೆಯಲ್ಲಿ ಬಿತ್ತಿ, ಇದು ಅವರ ಪರವಾದ ಸಿನಿಮಾ ಅನ್ನುವುದು ನನಗೆ ಅರಗುವುದಿಲ್ಲ.

ನೂರು ಕೋಟಿ ಡಾಲರ್ ದಾಟಿದ ಆ ಸಿನಿಮಾಕ್ಕೆ 2024ರಲ್ಲಿ ಎರಡನೆಯ ಭಾಗ ಬಂತು, ಬಂದಂತೆಯೇ ಮಕಾಡೆ ಮಲಗಿತು. ಅದರಲ್ಲಿ ಆರ್ಥರ್ ಕೋರ್ಟಿನಲ್ಲಿ ನಿಂತು, ಜೋಕರ್ ಎಂಬುವನೇ ಇಲ್ಲ, ಇರುವುದು ನಾನೊಬ್ಬನೇ ಎಂದು ಒಪ್ಪಿಕೊಳ್ಳುತ್ತಾನೆ. ನಾನು ಇಷ್ಟು ಹೊತ್ತು ಹೇಳಿದ್ದೂ ಅದನ್ನೇ. ಕೊನೆಯ ದೃಶ್ಯದಲ್ಲಿ ಒಬ್ಬ ಯುವ ಕೈದಿ ಅವನನ್ನು ಇರಿದು ಕೊಂದು, ಹಿಂದೆ ಮಸುಕಾಗಿ ನಿಂತು ನಗುತ್ತ ತನ್ನದೇ ಬಾಯಿಗೆ ಚಾಕು ಹಾಕಿಕೊಳ್ಳುವಂತೆ ಕಾಣುತ್ತದೆ. ಆ ಕೈದಿಗೆ ಹೆಸರಿಲ್ಲ, ಹಿಂದಿನ ಕಥೆಯಿಲ್ಲ. ಎರಡು ಸಿನಿಮಾ ತೆಗೆದ ಮೇಲೆ ಜೋಕರ್ ಬಂದದ್ದು ಆಗ! ಅವನಿಗೂ ಒಬ್ಬ ಕುಡುಕ ಅಪ್ಪನನ್ನು ಹುಡುಕಿಕೊಡಲು ಲಾಸ್ ಏಂಜಲೀಸ್‌ನಲ್ಲಿ ಈಗಾಗಲೇ ಯಾರೋ ಸ್ಕ್ರಿಪ್ಟ್ ಬರೆಯಲು ಕೂತಿರಬಹುದು.