ಬಸ್ಸಿಗೆ ಮೊದಲು ದಾರಿ ಬಿಡಲಿ



ನೀಲಗಿರಿ, ವಯನಾಡಿನ ತೋಟದ ಲೈನುಗಳಿಂದ ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಮಕ್ಕಳು ರಜೆಗೆ ಬಂದಾಗ ಸಂಬಳಕ್ಕಿಂತ ಮೊದಲು ಬಸ್ಸಿನ ಮಾತು ಎತ್ತುತ್ತಾರೆ. 8 ಗಂಟೆ ದುಡಿಮೆ, ಅದರ ಮೇಲೆ ರಸ್ತೆಯಲ್ಲಿ ನಿಂತು ಕಳೆಯುವ ಹೊತ್ತು. ಆ ಹೊತ್ತಿಗೆ ಕೂಲಿ ಕೊಡುವವರು ಯಾರು?

ಜನ ಹೆಚ್ಚಿದ್ದರಿಂದಲೇ ಇಕ್ಕಟ್ಟು ಎನ್ನುತ್ತಾರೆ. ಅರ್ಧ ಸುಳ್ಳು. 60 ಜನರ ಒಂದು ಬಸ್ಸಿಗೆ ಬೇಕಾದದ್ದು ಸುಮಾರು ಮೂರು ಕಾರುಗಳ ಜಾಗ. ಅದೇ ಜನ ಒಬ್ಬೊಬ್ಬರೇ ಕಾರಿನಲ್ಲಿ ಹೊರಟರೆ ಬೀದಿಯೇ ಸಾಲದು. ಕೊಯ್ದ ಟೀ ಸೊಪ್ಪನ್ನು ಬುಟ್ಟಿಗೊಂದು ಲಾರಿಯಲ್ಲಿ ಫ್ಯಾಕ್ಟರಿಗೆ ಕಳಿಸುವ ಮೇಸ್ತ್ರಿಯನ್ನು ಯಾರಾದರೂ ಒಂದು ದಿನ ಇಟ್ಟುಕೊಂಡಾರೇ?

2019ರಲ್ಲಿ ಸಿಲ್ಕ್ ಬೋರ್ಡಿನಿಂದ ಬೈಯಪ್ಪನಹಳ್ಳಿಯ ಕಡೆಗೆ, ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥ ಬಿಟ್ಟರು. ಆಮೇಲೆ ಮೆಟ್ರೊ ಕಾಮಗಾರಿ ಬಂತು, ಪಥ ಹೋಯಿತು. ಈಗ ಹೆಬ್ಬಾಳದಿಂದ ಅದೇ ಸಿಲ್ಕ್ ಬೋರ್ಡಿಗೆ ನೆಲದಡಿ ಸುರಂಗ ರಸ್ತೆಯಂತೆ! ಸಾವಿರಾರು ಕೋಟಿ ರೂಪಾಯಿ, ಸುಂಕ ಕೊಟ್ಟು ಓಡುವ ಕಾರುಗಳಿಗಾಗಿ. ಬಸ್ಸಿನ ಪಥಕ್ಕೆ ಬೇಕಾಗಿದ್ದುದು ನಾಲ್ಕು ಗೂಟ, ಒಬ್ಬ ಪೊಲೀಸ್.

2023ರ ಜೂನ್ 11ರಿಂದ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಕಾಸಿಲ್ಲ. ಒಳ್ಳೆಯ ಕೆಲಸವೇ. (ಕಾರ್ಡಿನಲ್ಲಿ ತಮಿಳುನಾಡು, ಕೇರಳದ ವಿಳಾಸವಿರುವ ನಮ್ಮ ಹೆಣ್ಣುಮಕ್ಕಳು ಮಾತ್ರ ಕೊಟ್ಟೇ ಹತ್ತಬೇಕು. ಕನ್ನಡ ಆಡಿದರೂ ಅಷ್ಟೇ.) ಆದರೆ ಕಾಸಿಲ್ಲದೆ ಹತ್ತಿದ ಬಸ್ಸು ಕಾರುಗಳ ಹಿಂದೆ ನಿಂತೇ ಇದ್ದರೆ ಅವಳು ಮನೆ ಸೇರುವುದು ಯಾವಾಗ? ಬಸ್ಸು ಹೆಚ್ಚಿಸಲಿ, ಕಿತ್ತುಕೊಂಡ ಪಥ ಮರಳಿಸಲಿ. ಸುರಂಗದ ಲೆಕ್ಕವನ್ನು ಆಮೇಲೆ ಕೇಳೋಣ.